ಮಂಗಗಳ ಅಧ್ಯಯನಕ್ಕೆ ಹಣ ಕೇಳುವಾಗ ಮೊದಲು ಬಜೆಟ್ ಬರೆಯಿರಿ

ಯಾವ ಅರ್ಜಿ ಬಂದರೂ ನಾನು ಮೊದಲು ತೆರೆಯುವುದು ಬಜೆಟ್ಟಿನ ಪುಟ. ಒಂದು ಸಣ್ಣ ನಿಧಿಗೆ ಬರುವ ಪ್ರಸ್ತಾವನೆಗಳನ್ನು ಒಂಬತ್ತು ವರ್ಷಗಳಿಂದ ಓದುತ್ತಿದ್ದೇನೆ. ಅದಕ್ಕೂ ಮೊದಲು ಹನ್ನೆರಡು ವರ್ಷ ಮಂಗಗಳ ಹಿಂದೆ ಕಾಡು ಸುತ್ತಿ, ರಾತ್ರಿ ಕುಳಿತು ಅಂಥದೇ ಪ್ರಸ್ತಾವನೆಗಳನ್ನು ಬರೆದು, ಬಹಳಷ್ಟು ಸಲ 'ವಿಷಾದದಿಂದ ತಿಳಿಸುತ್ತೇವೆ' ಎಂಬ ಉತ್ತರ ಪಡೆದವಳು. ಕೇಳುವವರ ಕಷ್ಟವೂ ಗೊತ್ತು, ಕೊಡುವವರ ಅನುಮಾನವೂ ಗೊತ್ತು.

ಹೋದ ಸುತ್ತಿನಲ್ಲಿ ಬಂದ ಒಂದು ಅರ್ಜಿಯಲ್ಲಿ 'ಸಮುದಾಯ' ಎಂಬ ಪದ 23 ಸಲ ಇತ್ತು. ಕುಳಿತು ಎಣಿಸಿದೆ. ಬಜೆಟ್ಟಿನಲ್ಲಿ ಅದು ಇದ್ದದ್ದು ಒಂದೇ ಸಲ: 'ಸಮುದಾಯ ಸಭೆ, ಬ್ಯಾನರ್ ಮತ್ತು ಕರಪತ್ರ'. ಡ್ರೋನಿಗೆ ಮಾತ್ರ ಒಟ್ಟು ಮೊತ್ತದ ಮೂರನೆಯ ಒಂದು ಪಾಲು. ಬರೆದ ಹುಡುಗ ಸುಳ್ಳುಗಾರನಲ್ಲ, ಕಾಡು ಬಲ್ಲವನೇ. ಆದರೆ ಮೊದಲು ಹತ್ತು ಪುಟ ಬರೆದು, ಕೊನೆಯ ದಿನಾಂಕದ ಹಿಂದಿನ ರಾತ್ರಿ ಬಜೆಟ್ ತುಂಬಿದ್ದ. ಎಲ್ಲರೂ ಹಾಗೆಯೇ ಮಾಡುತ್ತಾರೆ. ನೀವು ಹಿಂದುಮುಂದು ಮಾಡಿ: ಬಜೆಟ್ ಮೊದಲು, ಪ್ರಸ್ತಾವನೆ ಆಮೇಲೆ. ಯಾರಿಗೆ ಎಷ್ಟು ಹಣ ಹೋಗುತ್ತದೆ ಎಂದು ಬರೆಯಲು ಕುಳಿತಾಗಲೇ ಈ ಕೆಲಸದಲ್ಲಿ ಊರಿನವರ ಪಾತ್ರ ಏನು ಎಂಬುದು ನಿಮಗೇ ತಿಳಿಯುತ್ತದೆ.

ಅದಕ್ಕೂ ಮೊದಲು ಊರಿಗೆ ಹೋಗಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ನನ್ನ ಮೊದಲ ಅರ್ಜಿ ಮಂಗಗಳನ್ನು ಎಣಿಸುವುದರ ಬಗ್ಗೆ ಇತ್ತು. ಎಷ್ಟು ಗುಂಪು, ಗುಂಪಿನಲ್ಲಿ ಎಷ್ಟು ಮರಿ, ಎಷ್ಟು ದೂರ ಅಲೆಯುತ್ತವೆ. ಕೊನೆಯಲ್ಲಿ ಊಟದ ಎಲೆಗೆ ಉಪ್ಪು ಬಡಿಸಿದಂತೆ 'ಸ್ಥಳೀಯರಲ್ಲಿ ಜಾಗೃತಿ ಮೂಡಿಸಲಾಗುವುದು' ಎಂದೂ ಸೇರಿಸಿದ್ದೆ. ಅರ್ಜಿ ತಿರಸ್ಕೃತವಾಯಿತು. ಪರಿಶೀಲಕರು ಬರೆದಿದ್ದು ಒಂದೇ ಸಾಲು: ಈ ಫಲಿತಾಂಶ ಯಾರಿಗೆ ಬೇಕಾಗಿದೆ ಎಂಬುದು ಸ್ಪಷ್ಟವಿಲ್ಲ. ಒಂದು ವಾರ ಆ ಸಾಲನ್ನು ಬೈದುಕೊಂಡು ಓಡಾಡಿದೆ.

ಆಮೇಲೆ ಒಂದು ಬೆಳಿಗ್ಗೆ ಕಾಡಂಚಿನ ಜೋಳದ ಹೊಲದ ಬದುವಿನ ಮೇಲೆ ಒಬ್ಬ ಅಜ್ಜಿಯನ್ನು ಮಾತನಾಡಿಸುತ್ತಿದ್ದೆ. ಕಾಲಬುಡದಲ್ಲಿ ಅರ್ಧ ಕಚ್ಚಿ ಎಸೆದ ತೆನೆಗಳು ಬಿದ್ದಿದ್ದವು. ನಾನು ಪುಸ್ತಕ ತೆರೆದು ಎಷ್ಟು ಮಂಗ ಬಂದಿದ್ದವು ಎಂದು ಕೇಳಿದೆ. ಅಜ್ಜಿ ಗುಡಿಸಲಿನ ಕಂಬಕ್ಕೆ ಸುತ್ತಿದ್ದ ಒಂದು ಹಗ್ಗ ಬಿಚ್ಚಿ ತಂದು ನನ್ನ ಕೈಗಿಟ್ಟಳು. ಉದ್ದಕ್ಕೂ ಗಂಟುಗಳು. ಮಂಗ ಹೊಲಕ್ಕೆ ನುಗ್ಗಿದ ದಿನಕ್ಕೊಂದು ಗಂಟು. ಕಾವಲಿದ್ದೂ ತಡೆಯಲಾಗದ ದಿನಕ್ಕೆ ಜೋಡಿ ಗಂಟು. "ಮಂಗ ಎಷ್ಟು ಎಂದು ಕೇಳುತ್ತೀಯಲ್ಲ ಮಗಳೇ, ಎಷ್ಟು ದಿನ ಬಂದವು ಎಂದು ಕೇಳು," ಎಂದಳು.

ನಲವತ್ತೊಂದು ಗಂಟುಗಳಿದ್ದವು. ನನ್ನ ಎರಡನೆಯ ಅರ್ಜಿ ಆ ಹಗ್ಗದಿಂದ ಹುಟ್ಟಿತು. ಕಾಡಿನಿಂದ ಎಷ್ಟು ದೂರದ ಹೊಲಕ್ಕೆ, ಬೆಳೆಯ ಯಾವ ಹಂತದಲ್ಲಿ, ಕಾಡಿನೊಳಗೆ ಯಾವ ಹಣ್ಣು ಮುಗಿದ ಮೇಲೆ ಮಂಗಗಳು ಬರುತ್ತವೆ ಎಂಬ ಪ್ರಶ್ನೆ. ಮಂಗಗಳ ಎಣಿಕೆ ಅದರೊಳಗೇ ಇತ್ತು, ಆದರೆ ಈಗ ಅದು ಬೇಕಾದವರು ಇದ್ದರು. ಹಣ ಬಂತು.

ಹಾಗಾಗಿ ಮೊದಲ ತಿಂಗಳು ಅರ್ಜಿಯ ಮಾತೇ ಎತ್ತಬೇಡಿ. ಹೊಲದವರನ್ನು, ಸೌದೆ ತರುವವರನ್ನು, ಹಿಂದೆ ಬೇಟೆಯಾಡುತ್ತಿದ್ದವರನ್ನು, ಹೆಂಗಸರನ್ನು ಪ್ರತ್ಯೇಕವಾಗಿ ಕೇಳಿ. ಸಭೆಯಲ್ಲಿ ಮುಂದಿನ ಸಾಲಿನ ನಾಲ್ವರು ಹೇಳಿದ್ದೇ ಊರಿನ ಅಭಿಪ್ರಾಯವಲ್ಲ. ಹೊಲ ಕಾಯುವುದು ಬಹುತೇಕ ಹೆಂಗಸರು ಮತ್ತು ಮಕ್ಕಳು. ಸಭೆಯಲ್ಲಿ ಮಾತನಾಡುವುದು ಬಹುತೇಕ ಗಂಡಸರು.

ನಿಧಿಗಳು ಊರನ್ನು ಏಕೆ ಕೇಳುತ್ತವೆ ಎಂಬುದಕ್ಕೆ ಕಾರಣವಿದೆ. ಮಂಗ, ಮುಸುವ, ಗಿಬ್ಬನ್, ಲೀಮರ್, ಗೊರಿಲ್ಲಾ, ಕಾಡುಪಾಪ ಎಲ್ಲ ಸೇರಿ ಪ್ರೈಮೇಟ್ ಗಣದಲ್ಲಿ 500ಕ್ಕೂ ಹೆಚ್ಚು ಪ್ರಭೇದಗಳಿವೆ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ಸುಮಾರು ಶೇ 60ರಷ್ಟು ಪ್ರಭೇದಗಳು ಅಳಿವಿನ ಅಂಚಿನತ್ತ ಸರಿದಿವೆ, ಸುಮಾರು ಶೇ 75ರಷ್ಟರ ಸಂಖ್ಯೆ ಇಳಿಯುತ್ತಿದೆ. ಇವುಗಳಲ್ಲಿ ಎಷ್ಟೋ ಗುಂಪುಗಳ ಬದುಕು ಅಭಯಾರಣ್ಯದ ಬೇಲಿಯ ಹೊರಗೆ, ಯಾರದೋ ಹೊಲ ತೋಟಗಳ ಪಕ್ಕದಲ್ಲಿ ನಡೆಯುತ್ತದೆ.

ನಾನು ತರಬೇತಿಗಳಲ್ಲಿ ಮೂರು ಕಥೆ ಹೇಳುತ್ತೇನೆ. ಮೊದಲನೆಯದು ಬೆಲೀಜ್ ದೇಶದ್ದು. 1985ರಲ್ಲಿ ರಾಬರ್ಟ್ ಹಾರ್ವಿಚ್ ಎಂಬ ಪ್ರಾಣಿಶಾಸ್ತ್ರಜ್ಞ ಅಲ್ಲಿನ ಭೂಮಾಲೀಕರ ಜೊತೆ ಸೇರಿ ಕಪ್ಪು ಹೌಲರ್ ಮಂಗಗಳಿಗಾಗಿ ಕಮ್ಯುನಿಟಿ ಬಬೂನ್ ಸ್ಯಾಂಕ್ಚುಯರಿ ಆರಂಭಿಸಿದರು. (ಆ ಸೀಮೆಯ ಆಡುಮಾತಿನಲ್ಲಿ ಹೌಲರ್ ಮಂಗಕ್ಕೆ ಬಬೂನ್ ಎನ್ನುತ್ತಾರೆ; ನಿಜವಾದ ಬಬೂನ್ ಅಲ್ಲಿಲ್ಲ.) ಯಾರ ಜಮೀನನ್ನೂ ಕಿತ್ತುಕೊಳ್ಳಲಿಲ್ಲ. ಹೊಳೆದಂಡೆಯ ಮರಗಳ ಪಟ್ಟಿ ಉಳಿಸುತ್ತೇವೆ, ಮಂಗ ತಿನ್ನುವ ಹಣ್ಣಿನ ಮರ ಕಡಿಯುವುದಿಲ್ಲ ಎಂದು ಮಾಲೀಕರು ತಾವಾಗಿಯೇ ಬರೆದುಕೊಟ್ಟರು. ಇಲ್ಲಿ ಸಂಶೋಧನೆಯ ಕೆಲಸ ಯಾವ ಮರ ಉಳಿದರೆ ಮಂಗ ಉಳಿಯುತ್ತದೆ ಎಂದು ಹೇಳುವುದು. ಅಷ್ಟು ಹೇಳಿದರೆ ರೈತನಿಗೆ ಸಾಕು.

ಎರಡನೆಯದು ಉಗಾಂಡಾದ ಬ್ವಿಂಡಿ ಕಾಡಿನದು. 1996ರಲ್ಲಿ ಅಲ್ಲಿನ ಪರ್ವತ ಗೊರಿಲ್ಲಾಗಳಿಗೆ ಕಜ್ಜಿ ಹತ್ತಿತು, ಒಂದು ಮರಿ ಸತ್ತಿತು. ಪಶುವೈದ್ಯೆ ಗ್ಲ್ಯಾಡಿಸ್ ಕಲೇಮಾ-ಜಿಕುಸೋಕಾ ಅದು ಎಲ್ಲಿಂದ ಬಂತೆಂದು ಜಾಡು ಹಿಡಿದಾಗ ಆ ಜಾಡು ಹೋಗಿ ಮುಟ್ಟಿದ್ದು ಕಾಡಂಚಿನ ಮನೆಗಳನ್ನು. ಹೊಲದ ಬೆದರುಬೊಂಬೆಗೆ ತೊಡಿಸಿದ ಹಳೆಯ ಬಟ್ಟೆಯಿಂದ ಕಜ್ಜಿಯ ಹುಳು ಗೊರಿಲ್ಲಾಗಳಿಗೆ ದಾಟಿರಬೇಕೆಂಬ ತೀರ್ಮಾನಕ್ಕೆ ಬಂದರು. 2003ರಲ್ಲಿ ಆಕೆ ಕಟ್ಟಿದ ಸಂಸ್ಥೆ ಗೊರಿಲ್ಲಾಗಳ ಆರೋಗ್ಯವನ್ನೂ ಜನರ ಆರೋಗ್ಯವನ್ನೂ ಒಟ್ಟಿಗೆ ನೋಡುತ್ತದೆ. 'ಮಂಗಗಳ ಯೋಜನೆಯಲ್ಲಿ ಮನುಷ್ಯರ ಔಷಧಿಯ ಖರ್ಚು ಯಾಕೆ' ಎಂದು ಯಾರಾದರೂ ಕೇಳಿದರೆ ಈ ಬೆದರುಬೊಂಬೆಯನ್ನು ನೆನಪಿಸಿ.

ಮೂರನೆಯದು ಕೊಲಂಬಿಯಾದ ಪ್ರೊಯೆಕ್ಟೋ ಟೀಟಿ. ವಾಯವ್ಯ ಕೊಲಂಬಿಯಾದಲ್ಲಿ ಮಾತ್ರ ಇರುವ, ತಲೆಯ ಮೇಲೆ ಬಿಳಿ ಹತ್ತಿಯಂಥ ಜುಟ್ಟಿನ ಪುಟ್ಟ ಟಾಮರಿನ್ ಮಂಗಗಳಿಗಾಗಿ ನಡೆಯುವ ಕೆಲಸ. ಅಲ್ಲಿನವರು ಕಡಿಮೆ ಸೌದೆ ಸಾಕಾಗುವ ಮಣ್ಣಿನ ಒಲೆ ಹಂಚಿದರು, ಎಸೆದ ಪ್ಲಾಸ್ಟಿಕ್ ಚೀಲಗಳಿಂದ ಹೆಂಗಸರು ಹೆಗಲಚೀಲ ಹೆಣೆದು ಮಾರುವಂತೆ ಮಾಡಿದರು. ಒಲೆಗೂ ಮಂಗಕ್ಕೂ ಸಂಬಂಧವಿದೆ ಎಂದು ಹೇಳಿ ಸುಮ್ಮನಾದರೆ ಹಣ ಕೊಡುವವರು ನಂಬುವುದಿಲ್ಲ. ಒಂದು ಮನೆ ವಾರಕ್ಕೆ ಎಷ್ಟು ಸೌದೆ ಉರಿಸುತ್ತಿತ್ತು, ಈಗ ಎಷ್ಟು ಎಂದು ತೂಗಿ ತೋರಿಸಿದರೆ ನಂಬುತ್ತಾರೆ. ಆ ತೂಗುವ ಕೆಲಸಕ್ಕೇ ನೀವು ಹಣ ಕೇಳಬಹುದು.

ಈಗ ಯಾರನ್ನು ಕೇಳುವುದು? ಒಂದೊಂದು ನಿಧಿಗೂ ಒಂದೊಂದು ಸ್ವಭಾವವಿದೆ. ಮೊಹಮ್ಮದ್ ಬಿನ್ ಜಾಯೆದ್ ಪ್ರಭೇದ ಸಂರಕ್ಷಣಾ ನಿಧಿ ಹೆಸರೇ ಹೇಳುವಂತೆ ಪ್ರಭೇದದ ಮೇಲೆ ಕಣ್ಣಿಟ್ಟಿದೆ. ಒಂದು ಯೋಜನೆಗೆ 25,000 ಡಾಲರಿನವರೆಗೆ ಕೊಡುತ್ತದೆ. ಈ ಒಂದು ಪ್ರಭೇದಕ್ಕೆ ಇದರಿಂದ ಏನಾಗುತ್ತದೆ ಎಂಬುದು ಅಲ್ಲಿನ ಮುಖ್ಯ ಪ್ರಶ್ನೆ. ಬ್ರಿಟನ್ನಿನ ರಫರ್ಡ್ ಫೌಂಡೇಷನ್ ಮೆಟ್ಟಿಲು ಮೆಟ್ಟಿಲಾಗಿ ಕೊಡುತ್ತದೆ: ಮೊದಲ ಸಣ್ಣ ಅನುದಾನ, ಅದನ್ನು ಚೆನ್ನಾಗಿ ಮುಗಿಸಿದರೆ ಎರಡನೆಯದು, ಆಮೇಲೆ ದೊಡ್ಡದು. ಹೊಸಬರಿಗೆ ನಾನು ಮೊದಲು ತೋರಿಸುವ ಬಾಗಿಲು ಇದೇ. ಹಿಂದೆ ಹಣ ಪಡೆದವರ ವರದಿಗಳು ಅವರ ಜಾಲತಾಣದಲ್ಲೇ ಇವೆ, ಓದಿದರೆ ಅರ್ಧ ಪಾಠ ಆದಂತೆ. ಪ್ರೈಮೇಟ್ ಕನ್ಸರ್ವೇಷನ್ ಇನ್‌ಕಾರ್ಪೊರೇಟೆಡ್ ಎಂಬ ಅಮೆರಿಕದ ಪುಟ್ಟ ಸಂಸ್ಥೆ ಕಾಡಿನ ಪ್ರೈಮೇಟ್‌ಗಳ ಕ್ಷೇತ್ರಕಾರ್ಯಕ್ಕೆ ಸಣ್ಣ ಮೊತ್ತ ಕೊಡುತ್ತದೆ. ಅಂತರರಾಷ್ಟ್ರೀಯ ಪ್ರೈಮೇಟ್ ವಿಜ್ಞಾನಿಗಳ ಸಂಘದಲ್ಲೂ ಸಂರಕ್ಷಣೆಗೆ ಸಣ್ಣ ಅನುದಾನಗಳಿವೆ. ಲೀಕಿ ಫೌಂಡೇಷನ್ ಬೇರೆ ಜಾತಿಯದು: ಅವರ ಆಸಕ್ತಿ ಮನುಷ್ಯನ ಮೂಲ ಮತ್ತು ವಿಕಾಸ. ಮಂಗಗಳ ನಡವಳಿಕೆ ಆ ಪ್ರಶ್ನೆಗೆ ಬೆಳಕು ಚೆಲ್ಲುವುದಾದರೆ ಸರಿ, ಊರಿನ ಬೆಳೆನಷ್ಟದ ಕಥೆಯನ್ನು ಅಲ್ಲಿಗೆ ಕಳಿಸಿದರೆ ಅಂಚೆಯ ಶ್ರಮ ದಂಡ. ಮೊತ್ತ, ದಿನಾಂಕ, ನಿಯಮ ಎಲ್ಲವೂ ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ತಿಂಗಳಲ್ಲೇ ಅವರವರ ಪುಟದಲ್ಲಿ ನೋಡಿ. ವಿದೇಶಿ ಹಣ ಪಡೆಯಲು ನಿಮ್ಮ ದೇಶದಲ್ಲಿ ಅನುಮತಿ ಬೇಕೇ, ಅದು ಯಾವ ಸಂಸ್ಥೆಯ ಖಾತೆಗೆ ಬರಬಹುದು ಎಂಬುದನ್ನೂ ಆಗಲೇ ವಿಚಾರಿಸಿ. ಹಣ ಮಂಜೂರಾದ ಮೇಲೆ ವಿಚಾರಿಸಿದವರ ಗೋಳು ಕೇಳಿ ಕೇಳಿ ನನಗೆ ಸಾಕಾಗಿದೆ.

ಒಂದೇ ಕೊಂಬೆಗೆ ಇಡೀ ಗುಂಪು ನೇತುಬೀಳಬಾರದು. 2020ರಲ್ಲಿ ಕೋವಿಡ್ ಬಂದಾಗ ಪ್ರವಾಸಿಗರ ಹಣದಿಂದ ನಡೆಯುತ್ತಿದ್ದ ಯೋಜನೆಗಳು ಕುಸಿದವು. 2025ರ ಆರಂಭದಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿದಾಗ ಸರ್ಕಾರಿ ಅನುದಾನ ನಂಬಿದ್ದವರು ಕಾವಲುಗಾರರ ಸಂಬಳಕ್ಕೆ ಪರದಾಡಿದರು.

ಯಾವ ಪ್ರಭೇದಕ್ಕೆ ಅಳಿವಿನ ಅಪಾಯ ಎಷ್ಟು ಎಂದು ಹೇಳುವ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯಲ್ಲಿ ನಿಮ್ಮ ಮಂಗ ಎಲ್ಲಿದೆ ಎಂಬುದು ಅರ್ಜಿಯ ಹಣೆಬರಹವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಅಳಿವಿನಂಚಿನ ಪ್ರಭೇದವಾದರೆ ಬಾಗಿಲು ಬೇಗ ತೆರೆಯುತ್ತದೆ. ರೀಸಸ್ ಕೋತಿಯಂಥ ಸಾಮಾನ್ಯ ಪ್ರಭೇದವಾದರೆ 'ಅಪಾಯವಿಲ್ಲ' ಎಂಬ ಮುದ್ರೆ ನೋಡಿ ಪಕ್ಕಕ್ಕಿಡುತ್ತಾರೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ: ಜನರಿಗೂ ಮಂಗಗಳಿಗೂ ದಿನನಿತ್ಯ ಜಗಳ ನಡೆಯುವುದು ಈ ಸಾಮಾನ್ಯ ಪ್ರಭೇದಗಳ ಜೊತೆಗೇ, ಮಂಗ ಎಂದರೆ ಶತ್ರು ಎಂದು ಒಂದು ಊರು ಕಲಿಯುವುದೂ ಅಲ್ಲಿಯೇ. ಅಂಥ ಕೆಲಸಕ್ಕೆ ಪ್ರಭೇದ ನಿಧಿಗಳ ಬಾಗಿಲಲ್ಲಿ ಕಾಯಬೇಡಿ. ಕೃಷಿ, ಸಾರ್ವಜನಿಕ ಆರೋಗ್ಯ, ಗ್ರಾಮೀಣ ಜೀವನೋಪಾಯಕ್ಕೆ ಹಣ ಕೊಡುವವರಲ್ಲಿ ಹೋಗಿ, ಅವರ ಭಾಷೆಯಲ್ಲಿ ಕೇಳಿ.

ಉದ್ದೇಶಗಳನ್ನು ಬರೆಯುವ ಬಗ್ಗೆ ಒಂದೇ ಉದಾಹರಣೆ ಕೊಡುತ್ತೇನೆ. ವಾರಕ್ಕೊಮ್ಮೆಯಾದರೂ ಕಾಣುವ ವಾಕ್ಯ: 'ಸ್ಥಳೀಯ ಸಮುದಾಯಗಳ ಸಹಭಾಗಿತ್ವದಲ್ಲಿ ಮಾನವ-ವಾನರ ಸಹಬಾಳ್ವೆಯನ್ನು ಉತ್ತೇಜಿಸುವುದು.' ಓದಿದ ಮೇಲೆ ಸೋಮವಾರ ಬೆಳಿಗ್ಗೆ ಯಾರು ಎಲ್ಲಿಗೆ ಹೋಗುತ್ತಾರೆ ಎಂದು ಗೊತ್ತಾಗುವುದಿಲ್ಲ. ಅದನ್ನೇ ಹೀಗೆ ಬರೆಯಿರಿ: 'ಮೂರು ಹಳ್ಳಿಗಳ 40 ಹೊಲಗಳಲ್ಲಿ, ಎರಡು ಹಂಗಾಮಿನ ಕಾಲ, ಹೊಲದವರೇ ದಿನವೂ ದಾಖಲಿಸುವ ಮಂಗಗಳ ದಾಳಿಯನ್ನು ಕಾಡಿನ ಹಣ್ಣಿನ ಲಭ್ಯತೆಯೊಂದಿಗೆ ಹೋಲಿಸಿ, ಯಾವ ವಾರಗಳಲ್ಲಿ ಕಾವಲು ಹೆಚ್ಚಿಸಿದರೆ ನಷ್ಟ ಇಳಿಯುತ್ತದೆ ಎಂದು ತಿಳಿಯುವುದು.' ಇದರಲ್ಲಿ ಸೋಲಲೂ ಸಾಧ್ಯವಿದೆ. ಸೋಲಲು ಸಾಧ್ಯವಿಲ್ಲದ ಉದ್ದೇಶವನ್ನು ನಾನು ನಂಬುವುದಿಲ್ಲ.

ವಿಧಾನದ ಭಾಗ ಬೇಗ ಮುಗಿಸುತ್ತೇನೆ, ಏಕೆಂದರೆ ಅದು ನಿಮಗೇ ಹೆಚ್ಚು ಗೊತ್ತು. ಒಂದು ಎಚ್ಚರಿಕೆ ಮಾತ್ರ: ಗೆರೆ ಹಿಡಿದು ನಡೆದು ದೂರದ ಅಳತೆಯಿಂದ ಮಂಗಗಳ ಸಾಂದ್ರತೆ ಲೆಕ್ಕ ಹಾಕುವ ಪದ್ಧತಿಗೆ ಕನಿಷ್ಠ 60ರಿಂದ 80 ಗುಂಪು ಕಣ್ಣಿಗೆ ಬೀಳಬೇಕು ಎನ್ನುವುದು ಬಹುಕಾಲದ ರೂಢಿ. ಅಪರೂಪದ ಪ್ರಭೇದವಾಗಿ, ಮೂರು ತಿಂಗಳ ಹಣ ಕೇಳಿ, ಅಷ್ಟು ಕಾಣುತ್ತೇವೆ ಎಂದು ಬರೆದರೆ ಕಾಡು ತಿಳಿದ ಪರಿಶೀಲಕ ನಕ್ಕು ಮುಂದಿನ ಅರ್ಜಿ ತೆಗೆಯುತ್ತಾನೆ. ಹತ್ತು ದಿನ ಸ್ವಂತ ಖರ್ಚಿನಲ್ಲಿ ನಡೆದು, ದಿನಕ್ಕೆ ಎಷ್ಟು ಗುಂಪು ಕಂಡವು ಎಂದು ಹೇಳಿ.

ಬಜೆಟ್ಟಿಗೆ ಬರೋಣ. ಒಟ್ಟು ಮೊತ್ತ ನೂರು ಎಂದಿಟ್ಟುಕೊಳ್ಳಿ. ನಾನು ಬರೆದರೆ ನೂರರಲ್ಲಿ 40ರ ಆಸುಪಾಸು ಊರಿನಿಂದ ಬರುವ ಕ್ಷೇತ್ರ ಸಹಾಯಕರ ಸಂಬಳಕ್ಕೆ. ಸಂಬಳ ಎಂದೆ, 'ಗೌರವಧನ' ಎನ್ನಲಿಲ್ಲ. ಆ ಪದದ ಮೇಲೆ ನನಗೆ ಹಳೆಯ ಸಿಟ್ಟಿದೆ: ಕೂಲಿಗಿಂತ ಕಡಿಮೆ ಕೊಡಬೇಕಾದಾಗಲೇ ಅದು ಹೊರಬರುತ್ತದೆ, ಅದರಲ್ಲಿ ಗೌರವವೂ ಇರುವುದಿಲ್ಲ, ಧನವೂ ಇರುವುದಿಲ್ಲ. ಆ ಊರಲ್ಲಿ ಆ ಹಂಗಾಮಿನಲ್ಲಿ ನಡೆಯುವ ಕೂಲಿ ಎಷ್ಟು ಎಂದು ಕೇಳಿ, ಅದಕ್ಕಿಂತ ಕಡಿಮೆ ಬರೆಯಬೇಡಿ. ಮಳೆ ಬಂದು ಕೆಲಸ ನಿಂತ ದಿನಕ್ಕೂ ಲೆಕ್ಕ ಇಡಿ. ಬೂಟು, ಟಾರ್ಚು, ಅಪಘಾತ ವಿಮೆ, ಹಾವು ಕಚ್ಚಿದರೆ ಆಸ್ಪತ್ರೆಗೆ ಒಯ್ಯಲು ವಾಹನದ ಹಣ, ಇವೆಲ್ಲ ಅದೇ ಪಾಲಿನಲ್ಲಿ ಬರಲಿ. ಒಂದು ತಂಡದಲ್ಲಿ ಸಂಶೋಧಕನ ಕ್ಯಾಮೆರಾಕ್ಕೆ ವಿಮೆ ಇದ್ದು, ಅದನ್ನು ಹೊತ್ತು ಮರ ಹತ್ತುವವನಿಗೆ ಇಲ್ಲದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇಪ್ಪತ್ತು ಪಾಲು ಓಡಾಟ ಮತ್ತು ಉಳಿಯುವ ಖರ್ಚಿಗೆ. ಹದಿನೈದು ಉಪಕರಣಕ್ಕೆ. ಧ್ವನಿಮುದ್ರಕ, ಕ್ಯಾಮೆರಾ ಟ್ರ್ಯಾಪ್, ಜಿಪಿಎಸ್ ಯಾವುದೇ ಇರಲಿ, ಯೋಜನೆ ಮುಗಿದ ಮೇಲೆ ಅದು ಯಾರ ಬಳಿ ಉಳಿಯುತ್ತದೆ ಎಂದು ಒಂದು ವಾಕ್ಯ ಬರೆದರೆ ನಿಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಮೂಡುತ್ತದೆ. ಹನ್ನೆರಡು ಪಾಲನ್ನು ಹೆಚ್ಚಿನವರು ಮರೆತೇಬಿಡುವ ಕೆಲಸಗಳಿಗೆ ಇಡಿ: ಒಪ್ಪಿಗೆ ಪತ್ರವನ್ನು ಊರಿನ ಭಾಷೆಗೆ ತರುವುದು, ಓದಲು ಬಾರದವರಿಗೆ ಓದಿ ಹೇಳುವವರ ಕೂಲಿ, ಆರಂಭದ ಸಭೆ, ಫಲಿತಾಂಶ ಒಪ್ಪಿಸುವ ಕೊನೆಯ ಸಭೆ. ಉಳಿದದ್ದು ಬ್ಯಾಂಕಿನ ಶುಲ್ಕ, ಲೆಕ್ಕ ತಪಾಸಣೆ ಮತ್ತು ವಿನಿಮಯ ದರದ ಏರಿಳಿತಕ್ಕೆ. ಅರ್ಜಿ ಹಾಕಿದ ದಿನದ ದರವೇ ಹಣ ಬರುವ ದಿನ ಇರುವುದಿಲ್ಲ. ಒಮ್ಮೆ ಆ ವ್ಯತ್ಯಾಸದಲ್ಲೇ ನನ್ನ ಒಂದು ತಿಂಗಳ ಕ್ಷೇತ್ರಕಾರ್ಯ ಕರಗಿಹೋಯಿತು. ಈ ಪಾಲುಗಳು ವೇದವಾಕ್ಯವಲ್ಲ, ದೂರದ ದ್ವೀಪದಲ್ಲಿ ಕೆಲಸವಾದರೆ ದೋಣಿಯೇ ಅರ್ಧ ನುಂಗುತ್ತದೆ. ಅರ್ಜಿದಾರನ ಸ್ವಂತ ಸಂಬಳವನ್ನೂ ಸಂಸ್ಥೆಯ ಆಡಳಿತ ವೆಚ್ಚವನ್ನೂ ಎಷ್ಟೋ ಸಣ್ಣ ನಿಧಿಗಳು ಕೊಡುವುದಿಲ್ಲ. ಕೇಳಿ ಮುಜುಗರಪಡುವ ಮೊದಲು ನಿಯಮ ಓದಿ.

ಊರಿನ ಪತ್ರದ ವಿಷಯ. 'ಈ ಯೋಜನೆಗೆ ನಮ್ಮ ಬೆಂಬಲವಿದೆ' ಎಂಬ ಪತ್ರ ಹೆಚ್ಚಿನ ಅರ್ಜಿಗಳ ಜೊತೆ ಬರುತ್ತದೆ. ಒಮ್ಮೆ ಮೂರು ಹಳ್ಳಿಗಳಿಂದ ಮೂರು ಪತ್ರ, ಮೂರರಲ್ಲೂ ಅದೇ ವಾಕ್ಯ, ಅದೇ ಕಾಗುಣಿತದ ತಪ್ಪು. ಅದರ ಬದಲು ಸಭೆಯ ನಡಾವಳಿಯ ಅರ್ಧ ಪುಟ ಕಳಿಸಿ: ಯಾವ ದಿನ, ಎಷ್ಟು ಜನ, ಯಾರು ಏನು ಆಕ್ಷೇಪ ಎತ್ತಿದರು, ಅದಕ್ಕಾಗಿ ನೀವು ಏನು ಬದಲಿಸಿದಿರಿ. ಆಕ್ಷೇಪವಿರುವ ನಡಾವಳಿಯನ್ನು ನಾನು ಬೇಗ ನಂಬುತ್ತೇನೆ. ಮೂಲನಿವಾಸಿಗಳ ನೆಲವಾದರೆ ಅವರ ಮುಕ್ತ, ಪೂರ್ವಭಾವಿ ಮತ್ತು ತಿಳಿವಳಿಕೆಯ ಒಪ್ಪಿಗೆ ಬೇಕು. ಮೂಲನಿವಾಸಿಗಳ ಹಕ್ಕುಗಳ ಕುರಿತ 2007ರ ವಿಶ್ವಸಂಸ್ಥೆಯ ಘೋಷಣೆಯ ತಿರುಳು ಅದು. ಒಪ್ಪಿಗೆ ಎಂದರೆ ಬೇಡ ಎನ್ನುವ ಅವಕಾಶವೂ ಇರಬೇಕು, ನಡುವೆ ಹಿಂತೆಗೆದುಕೊಳ್ಳುವ ಅವಕಾಶವೂ ಇರಬೇಕು.

ಅನುಮತಿಗಳಿಗೆ ಸಮಯ ಹಿಡಿಯುತ್ತದೆ, ಅದನ್ನು ವೇಳಾಪಟ್ಟಿಯಲ್ಲಿ ತೋರಿಸಿ. ಪ್ರೈಮೇಟ್‌ಗಳೆಲ್ಲವೂ ವನ್ಯಜೀವಿ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದ ಮೊದಲ ಅಥವಾ ಎರಡನೆಯ ಅನುಬಂಧದಲ್ಲಿವೆ, ಹಾಗಾಗಿ ರಕ್ತ, ಕೂದಲು ಗಡಿ ದಾಟಬೇಕಾದರೆ ಅದರ ಪತ್ರ ಬೇಕು. ಪ್ರಾಣಿಯನ್ನು ಮುಟ್ಟದೆ ಆಯ್ದ ಲದ್ದಿಗೆ ಮೂತ್ರಕ್ಕೆ ಆ ಒಪ್ಪಂದ ಅನ್ವಯಿಸುವುದಿಲ್ಲ, ಆದರೂ ಆರೋಗ್ಯ ಇಲಾಖೆಗಳ ಕಟ್ಟಳೆಗಳು, ಜೈವಿಕ ಸಂಪನ್ಮೂಲ ಬಳಸುವ ಮತ್ತು ಅದರ ಲಾಭ ಹಂಚುವ ಕುರಿತ ನಾಗೋಯಾ ಒಪ್ಪಂದದ ಕಟ್ಟಳೆಗಳು ತಪ್ಪುವುದಿಲ್ಲ. ಮಾದರಿಗಳನ್ನು ದೇಶದೊಳಗೇ ಪರೀಕ್ಷಿಸಲು ಸಾಧ್ಯವಾದರೆ ಅದೇ ಮೇಲು. ಹಣವೂ ಉಳಿಯುತ್ತದೆ, ಅಲ್ಲಿನ ವಿದ್ಯಾರ್ಥಿಗೆ ಕೆಲಸವೂ ಸಿಗುತ್ತದೆ.

ತಿರಸ್ಕಾರ ಬಂದರೆ ಕಾರಣ ಕೇಳಿ ಒಂದು ಸಣ್ಣ ಪತ್ರ ಬರೆಯಿರಿ, ವಾದ ಮಾಡಬೇಡಿ. ಎಲ್ಲರೂ ಉತ್ತರಿಸುವುದಿಲ್ಲ, ಉತ್ತರಿಸಿದವರ ಮಾತು ಚಿನ್ನ.

ಹಣ ಬಂದರೆ ಮೊದಲ ದಿನದಿಂದಲೇ ಲೆಕ್ಕದ ಪುಸ್ತಕ. ದೋಣಿಯವನು, ಸೌದೆ ತಂದವಳು, ಕತ್ತೆ ಬಾಡಿಗೆಗೆ ಕೊಟ್ಟವನು ಯಾರೂ ರಸೀದಿ ಕೊಡುವುದಿಲ್ಲ. ಖಾಲಿ ವೋಚರ್ ಪುಸ್ತಕ ಜೋಳಿಗೆಯಲ್ಲಿರಲಿ. ದಿನಾಂಕ, ಕೆಲಸ, ಮೊತ್ತ ಬರೆದು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಇಂಥ ವೋಚರ್ ಒಪ್ಪುತ್ತೀರಾ ಎಂದು ನಿಧಿಯವರನ್ನು ಮೊದಲೇ ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ಒಂದು ಬಾಬಿನಿಂದ ಇನ್ನೊಂದಕ್ಕೆ ಹಣ ಬದಲಿಸಬೇಕಾದರೆ ಖರ್ಚು ಮಾಡುವ ಮುಂಚೆ ಹೇಳಿ. ಮೊದಲೇ ಹೇಳಿದ್ದಕ್ಕೆ ಯಾರೂ ಇಲ್ಲ ಎಂದದ್ದು ನನಗೆ ನೆನಪಿಲ್ಲ.

ಫಲಿತಾಂಶ ಮೊದಲು ಊರಿಗೆ, ಆಮೇಲೆ ನಿಧಿಗೆ. ನನ್ನ ಎರಡನೆಯ ಅರ್ಜಿಯ ಕೆಲಸ ಮುಗಿದಾಗ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ವಾರವಾರದ ದಾಳಿಗಳನ್ನು ಕಂಬಗಳಂತೆ ಬಿಡಿಸಿ ತೋರಿಸಿದೆ. ಅಜ್ಜಿ ಆ ವರ್ಷದ ಹಗ್ಗ ತಂದಿದ್ದಳು. ಗಂಟಿಗೊಂದು ಬೆರಳು ಇಡುತ್ತ, ತನ್ನ ಹೊಲದ ಲೆಕ್ಕವನ್ನು ನನ್ನ ಕಂಬಗಳ ಜೊತೆ ಹೋಲಿಸಿ, ಮೂರು ದಿನ ಕಡಿಮೆ ಇದೆ ಎಂದಳು. ದಾಖಲೆ ಬರೆಯುತ್ತಿದ್ದ ಹುಡುಗ ಆ ಮೂರು ದಿನ ಜ್ವರದಿಂದ ಮಲಗಿದ್ದ. ಹಾಜರಿ ಪುಸ್ತಕ ತೆಗೆದು ನೋಡಿದರೆ ನಿಜ. ಅಂತಿಮ ವರದಿಯಲ್ಲಿ ಸಂಖ್ಯೆ ತಿದ್ದಿದೆ. ನಿಧಿಯವರು ಮಧ್ಯಂತರ ವರದಿಗೂ ಇದಕ್ಕೂ ವ್ಯತ್ಯಾಸ ಏಕೆ ಎಂದು ಕೇಳಿದರು. 'ಹೊಲದ ಮಾಲಕಿಯ ಹಗ್ಗದೊಂದಿಗೆ ತಾಳೆ ನೋಡಿ ಸರಿಪಡಿಸಲಾಗಿದೆ' ಎಂದು ಉತ್ತರ ಬರೆದು, ಹಗ್ಗದ ಒಂದು ಫೋಟೊ ಲಗತ್ತಿಸಿದೆ.